ಹವಳದ ಅಕ್ವೇರಿಯಂ: ಕಡಲು ಮನೆಯೆದುರಿಗಿದ್ದರೂ ಅಲ್ಲಿಂದ ಏನನ್ನೂ ತರಬೇಡಿ

ಮಾನ್ಯ ಸಂಪಾದಕರೇ,

ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗಿ ಬಂದವರಿಗೆ ಮನೆಯ ಪಡಸಾಲೆಯಲ್ಲೂ ಒಂದು ಹವಳದ ಅಕ್ವೇರಿಯಂ ಇಡಬೇಕೆನಿಸುವುದು ಸಹಜ. ಕಾರವಾರದಿಂದ ಭಟ್ಕಳದವರೆಗೆ ಈ ಆಸೆಯ ಜೊತೆಗೇ ಕೇಳಿಬರುವ ಮಾತೂ ಒಂದಿದೆ: ಕಡಲು ಇಲ್ಲೇ ಇದೆಯಲ್ಲ, ನೀರು, ಮರಳು, ಕಲ್ಲು, ಮೀನು ಎಲ್ಲ ಪುಕ್ಕಟೆಯೇ ಸಿಕ್ಕೀತು, ಗಾಜಿನ ಪೆಟ್ಟಿಗೆಯೊಂದನ್ನು ಮಾಡಿಸಿದರೆ ಸಾಕು. ಈ ಲೆಕ್ಕ ಪೂರ್ತಿ ತಪ್ಪು. ಹೀಗೆ ಕಟ್ಟಿದ ಟ್ಯಾಂಕು ಕೆಲವೇ ವಾರಗಳಲ್ಲಿ ನಾರುತ್ತದೆ, ಮೀನು ಸಾಯುತ್ತದೆ, ಬಂಡೆಗಳ ನಡುವಿನ ಹೊಂಡಗಳು ಬರಿದಾಗುತ್ತವೆ, ಕೆಲವು ಸಂದರ್ಭದಲ್ಲಿ ಮನೆಯವರು ಜೈಲಿಗೆ ಹೋಗಬೇಕಾದಂಥ ಅಪರಾಧವೂ ಆಗುತ್ತದೆ. ನಮ್ಮ ಕರಾವಳಿಯಲ್ಲಿ ಹವಳದ ಅಕ್ವೇರಿಯಂ ಚೆನ್ನಾಗಿ ನಡೆಸಬಹುದು. ಆದರೆ ಅದಕ್ಕೆ ಬೇಕಾದ ಒಂದು ವಸ್ತುವನ್ನೂ ನಮ್ಮ ಕಡಲಿನಿಂದ ತರಬೇಕಾಗಿಲ್ಲ, ತರಲೂಬಾರದು. ಹೊಸದಾಗಿ ಶುರುಮಾಡುವವರಿಗೆ ಉಪಯೋಗವಾಗಲೆಂದು ವಿವರ ಬರೆಯುತ್ತಿದ್ದೇವೆ.

ಮೊದಲು ಅಳತೆ. ಸಣ್ಣ ಟ್ಯಾಂಕು ಸುಲಭ ಎಂಬುದು ಸಿಹಿನೀರಿನ ಮೀನು ಸಾಕಿದವರ ನಂಬಿಕೆ. ಉಪ್ಪುನೀರಿನಲ್ಲಿ ಸಣ್ಣದೇ ಕಷ್ಟ; ನೀರು ಕಡಿಮೆಯಿದ್ದಷ್ಟೂ ಉಷ್ಣತೆ, ಉಪ್ಪಿನಂಶ ಬೇಗ ಏರಿಳಿಯುತ್ತವೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ, 10 ಮಿ.ಮೀ. ಗಾಜಿನ ಟ್ಯಾಂಕು ಆರಂಭಕ್ಕೆ ಹದವಾದದ್ದು. ಅದರಲ್ಲಿ 190 ಲೀಟರ್ ಹಿಡಿಯುತ್ತದೆ. ನೀರು, ಗಾಜು, ಕಲ್ಲು, ಮರಳು, ಕೆಳಗಿನ ಸಂಪ್ (ಉಪಕರಣಗಳನ್ನಿಡುವ ಎರಡನೇ ಚಿಕ್ಕ ತೊಟ್ಟಿ), ಸ್ಟ್ಯಾಂಡ್ ಎಲ್ಲ ಸೇರಿ 350 ಕಿಲೋ ಸಮೀಪ ಬರುತ್ತದೆ. ನೆಲ ಅಂತಸ್ತಿನಲ್ಲಿ ತೊಂದರೆಯಿಲ್ಲ. ಶಿರಸಿ, ಸಿದ್ದಾಪುರದ ಹಳೆಯ ಮನೆಗಳ ಮರದ ಮಾಳಿಗೆ, ಅಟ್ಟದ ಮೇಲೆ ಮಾತ್ರ ಬೇಡವೇ ಬೇಡ. ಸ್ಟ್ಯಾಂಡ್ ಕಬ್ಬಿಣದ್ದಾದರೆ ಎಪಾಕ್ಸಿ ಬಣ್ಣ ಬಳಿಸಿ, ಇಲ್ಲದಿದ್ದರೆ ನಮ್ಮ ಹವೆಗೆ ಎರಡು ಮಳೆಗಾಲ ಕಳೆಯುವುದರೊಳಗೆ ತುಕ್ಕು ತಿಂದಿರುತ್ತದೆ. ಪ್ಲೈವುಡ್ ಆದರೆ ಮರೈನ್ ಪ್ಲೈ. ಟ್ಯಾಂಕಿನ ತಳಕ್ಕೆ ಥರ್ಮಕೋಲ್ ಅಥವಾ ಫೋಮ್ ಹಾಳೆ ಹಾಸಿ, ಮಟ್ಟಗೋಲು ಇಟ್ಟು ನೋಡಿ, ಸಿಹಿನೀರು ತುಂಬಿ ಎರಡು ದಿನ ಸೋರುತ್ತದೆಯೇ ಎಂದು ಕಾಯಬೇಕು.

ಸ್ಟ್ಯಾಂಡಿನೊಳಗೆ 60 ಲೀಟರಿನ ಒಂದು ಸಂಪ್ ಇರಲಿ. ಮೇಲಿನ ನೀರು ಓವರ್‌ಫ್ಲೋ ಕೊಳವೆಯಿಂದ ಅಲ್ಲಿಗೆ ಇಳಿಯುತ್ತದೆ, ರಿಟರ್ನ್ ಪಂಪು ಅದನ್ನು ಮೇಲಕ್ಕೆ ಕಳಿಸುತ್ತದೆ. ನೊರೆ ಎಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ಹೀಟರ್, ಕಾರ್ಬನ್ ಚೀಲ ಎಲ್ಲವೂ ಸಂಪಿನಲ್ಲೇ ಕೂರುತ್ತವೆ. ಇಲ್ಲಿ ತಪ್ಪುವುದು ಒಂದೇ ಜಾಗದಲ್ಲಿ. ಕರೆಂಟ್ ಹೋದಾಗ ಮೇಲಿನ ನೀರು ರಿಟರ್ನ್ ಕೊಳವೆಯ ಬಾಯಿಯ ಮಟ್ಟದವರೆಗೂ ಕೆಳಗೆ ಇಳಿಯುತ್ತದೆ. ಈ ಅಳತೆಯ ಟ್ಯಾಂಕಿನಲ್ಲಿ ನೀರು ಎರಡು ಸೆಂಟಿಮೀಟರ್ ಇಳಿದರೆ ಎಂಟು ಲೀಟರಿಗಿಂತ ಹೆಚ್ಚು ಸಂಪಿಗೆ ಬರುತ್ತದೆ, ಐದು ಸೆಂಟಿಮೀಟರ್ ಇಳಿದರೆ ಇಪ್ಪತ್ತು ಲೀಟರ್ ದಾಟುತ್ತದೆ. ಆದ್ದರಿಂದ ರಿಟರ್ನ್ ಬಾಯಿಯನ್ನು ನೀರಿನ ಮೇಲ್ಮೈಗೆ ಹತ್ತಿರವೇ ಇಟ್ಟು, ಸಂಪಿನಲ್ಲಿ ಅಷ್ಟು ನೀರಿಗೆ ಜಾಗ ಖಾಲಿ ಬಿಡಬೇಕು. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಹಾಕಿದ್ದೇವೆಂದು ನೆಮ್ಮದಿಯಿಂದ ಇರುವಂತಿಲ್ಲ. ಅದರೊಳಗೆ ಸುಣ್ಣ ಕಟ್ಟಿ, ಸಣ್ಣ ಶಂಖ ಸಿಕ್ಕಿಕೊಂಡು ಒಂದು ದಿನ ಮುಚ್ಚದೆ ಹೋಗುತ್ತದೆ. ಟ್ಯಾಂಕು ಪೂರ್ತಿ ನಡೆಯುತ್ತಿರುವಾಗ ಬೇಕೆಂದೇ ಸ್ವಿಚ್ ಆರಿಸಿ ನೋಡಿದರೆ ಸತ್ಯ ಗೊತ್ತಾಗುತ್ತದೆ.

ರಿಟರ್ನ್ ಪಂಪು ಗಂಟೆಗೆ ಟ್ಯಾಂಕಿನ ಮೂರರಿಂದ ಐದು ಪಟ್ಟು ನೀರು ತಿರುಗಿಸಿದರೆ ಸಾಕು. ಹವಳಕ್ಕೆ ಬೇಕಾದ ಅಲೆ ಬೇರೆ. ಅದಕ್ಕೆ ಎರಡು ವೇವ್‌ಮೇಕರ್‌ಗಳನ್ನು ಎದುರು ಬದುರು ಹಾಕಿ, ಒಟ್ಟು ಹರಿವು ಗಂಟೆಗೆ ಟ್ಯಾಂಕಿನ ಇಪ್ಪತ್ತು ಪಟ್ಟು ಬರುವಂತೆ ಮಾಡಿಕೊಳ್ಳಿ.

ಇನ್ನು ನೀರು. ಬಾವಿ ನೀರು, ಬೋರ್‌ವೆಲ್ ನೀರು, ನಲ್ಲಿ ನೀರು ಯಾವುದನ್ನೂ ನೇರ ಬಳಸುವಂತಿಲ್ಲ. ಘಟ್ಟದ ಮೇಲಿನ ಬೋರ್‌ವೆಲ್‌ಗಳಲ್ಲಿ ಕಬ್ಬಿಣ, ಕರಾವಳಿಯ ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪು, ತೋಟದ ಬದಿಯ ಬಾವಿಗಳಲ್ಲಿ ಗೊಬ್ಬರದ ನೈಟ್ರೇಟ್, ನಲ್ಲಿಯಲ್ಲಿ ಕ್ಲೋರಿನ್. ಆರ್‌ಒ ನೀರು ಬೇಕು, ಅದರ ನಂತರ ಉಳಿದ ಲವಣಗಳನ್ನು ಹೀರುವ ಡಿಐ ರೆಸಿನ್ ಕೊಳವೆಯೂ ಬೇಕು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಅಳೆಯುವ ಮೀಟರ್ ಸೊನ್ನೆ ತೋರಿಸಬೇಕು. ಅಡುಗೆಮನೆಯ ಆರ್‌ಒ ಯಂತ್ರದಲ್ಲಿ ಕುಡಿಯುವ ರುಚಿಗಾಗಿ ಒಂದಿಷ್ಟು ಮೂಲ ನೀರನ್ನು ಬೆರೆಸುವ ಟಿಡಿಎಸ್ ಕಂಟ್ರೋಲರ್ ಇರುತ್ತದೆ, ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್ ಕೂಡ ಇರುತ್ತದೆ. ಮೆಂಬರೇನ್‌ನಿಂದ ಬರುವ ನೀರನ್ನು ಇವೆರಡಕ್ಕಿಂತ ಮೊದಲೇ ಟಿ-ಜಾಯಿಂಟ್ ಹಾಕಿ ತೆಗೆದು ಡಿಐ ಕೊಳವೆಗೆ ಬಿಟ್ಟರೆ ಬೇರೆ ಯಂತ್ರ ಕೊಳ್ಳಬೇಕಾಗಿಲ್ಲ. ಹೆಚ್ಚಿನವರು ಇದನ್ನು ತಿಳಿಯದೆ ಟಿಡಿಎಸ್ 60, 80 ಇರುವ ನೀರನ್ನೇ ಹಾಕಿ, ಆಮೇಲೆ ಪಾಚಿ ಏಕೆ ಹೋಗುವುದಿಲ್ಲ ಎಂದು ಚಿಂತಿಸುತ್ತಾರೆ.

ಕಡಲ ನೀರು ಏಕೆ ಬೇಡ? ನಮ್ಮ ದಡದ ನೀರು ಹವಳದ ನೀರಲ್ಲ. ಜೂನ್‌ನಿಂದ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಕೆಂಪಗೆ ಹರಿದು ಬಂದು ಕಡಲು ಸೇರುತ್ತವೆ. ಅಳಿವೆಯ ಸುತ್ತ ಉಪ್ಪಿನಂಶ ಬಹಳ ಕೆಳಗೆ ಬೀಳುತ್ತದೆ, ಮಣ್ಣು ತುಂಬಿರುತ್ತದೆ. ಮಳೆ ನಿಂತ ಮೇಲೂ ತಳದಿಂದ ಮೇಲೇಳುವ ನೀರಿನಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ಕಡಿಮೆ. ಬೈತಖೋಲ, ತದಡಿಯಂಥ ಬಂದರಿನ ಹತ್ತಿರ ಡೀಸೆಲ್ಲಿನ ಪದರ, ಮೀನಿನ ತ್ಯಾಜ್ಯ. ಮಾರ್ಚ್, ಏಪ್ರಿಲ್‌ನಲ್ಲಿ ದೋಣಿಯಲ್ಲಿ ದೂರ ಹೋಗಿ ಒಳ್ಳೆಯ ನೀರು ತರಬಹುದು ಎನ್ನುವವರಿದ್ದಾರೆ. ತರಬಹುದು, ಆದರೆ ಆ ನೀರಿನಲ್ಲಿರುವ ಪ್ಲಾಂಕ್ಟನ್ ಕ್ಯಾನಿನೊಳಗೆ ಸತ್ತು ಅಮೋನಿಯ ಏರುತ್ತದೆ. ರೋಗದ ಪರೋಪಜೀವಿಗಳೂ ಬಂದಿರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಜುಲೈಯಲ್ಲಿ ನೀರು ಬದಲಿಸಬೇಕಾದಾಗ ಅದು ಸಿಗುವುದಿಲ್ಲ. ವರ್ಷವಿಡೀ ಒಂದೇ ಗುಣದ ನೀರು ಕೈಯಲ್ಲಿರಬೇಕಾದರೆ ಉಪ್ಪಿನ ಮಿಶ್ರಣ ಕೊಂಡು ಕಲಸುವುದೇ ದಾರಿ.

ಉಪ್ಪು ಎಂದಾಕ್ಷಣ ಸಾಣಿಕಟ್ಟೆಯ ಉಪ್ಪು ನೆನಪಾಗುತ್ತದೆ. ಊಟಕ್ಕೆ ಅದು ಸೊಗಸು, ಅಕ್ವೇರಿಯಂಗೆ ಬಾರದು. ಆಗರದಲ್ಲಿ ಕಡಲ ನೀರು ಆವಿಯಾಗುವಾಗ ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಜಿಪ್ಸಂ ತಳ ಸೇರುತ್ತವೆ, ಆಮೇಲೆ ಅಡುಗೆ ಉಪ್ಪು ಹರಳುಗಟ್ಟುತ್ತದೆ, ಮೆಗ್ನೀಸಿಯಂ, ಪೊಟ್ಯಾಸಿಯಂ ಕೊನೆಯ ಕಹಿನೀರಿನಲ್ಲೇ ಉಳಿದುಬಿಡುತ್ತವೆ. ಆ ಹರಳನ್ನು ಮತ್ತೆ ನೀರಿಗೆ ಹಾಕಿದರೆ ಉಪ್ಪು ನೀರಾಗುತ್ತದೆಯೇ ಹೊರತು ಕಡಲ ನೀರಾಗುವುದಿಲ್ಲ. ರೀಫ್‌ಗೆಂದೇ, ಅಂದರೆ ಹವಳದ ಟ್ಯಾಂಕಿಗೆಂದೇ ಮಾಡಿದ ಮಿಶ್ರಣವನ್ನು ಲೀಟರಿಗೆ 36ರಿಂದ 38 ಗ್ರಾಂ ಲೆಕ್ಕದಲ್ಲಿ ಹಾಕಬೇಕು. 200 ಲೀಟರಿಗೆ ಏಳೂವರೆ ಕಿಲೋ ಹತ್ತಿರ. ಡ್ರಮ್ಮಿನಲ್ಲಿ ಮೊದಲು ನೀರು, ಒಳಗೆ ಪಂಪು ತಿರುಗುತ್ತಿರಲಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಉಪ್ಪು. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಹುಡಿಯಾಗಿ ತಳಕ್ಕೆ ಇಳಿಯುತ್ತದೆ, ಮತ್ತೆ ಕರಗುವುದಿಲ್ಲ. ಉಪ್ಪಿನಂಶ ಅಳೆಯಲು ರಿಫ್ರ್ಯಾಕ್ಟೋಮೀಟರ್ ಬೇಕು. ಅದನ್ನು ಬರೀ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು, 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಉಪ್ಪು) ದ್ರಾವಣದಲ್ಲಿ ಹೊಂದಿಸಿ. ಮುಳ್ಳು ಏರಿಳಿಯುವ ಪ್ಲಾಸ್ಟಿಕ್ ಹೈಡ್ರೋಮೀಟರ್‌ಗೆ ಒಂದು ಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. 35 ಪಿಪಿಟಿ, ಅಂದರೆ ಸಾಪೇಕ್ಷ ಸಾಂದ್ರತೆ 1.026ರ ಆಸುಪಾಸು, ನಮ್ಮ ಗುರಿ.

ಮರಳು, ಕಲ್ಲಿನ ವಿಷಯ. ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ) ಮರಳು, ಕಾಳು ಒಂದರಿಂದ ಎರಡು ಮಿ.ಮೀ., ಎರಡು ಮೂರು ಸೆಂಟಿಮೀಟರ್ ದಪ್ಪ ಸಾಕು. ಕಡಲ ದಂಡೆಯ ಮರಳು ಬಹುಪಾಲು ಸಿಲಿಕಾ, ಜೊತೆಗೆ ಕಬ್ಬಿಣದ ಕರಿ ಕಾಳು. ಕಲ್ಲಿಗಿಂತ ಮೊದಲು ಅದೇ ಪಾಚಿ ಹಿಡಿಯುತ್ತದೆ. ದಂಡೆಯಿಂದ ಮರಳು ಎತ್ತುವುದಕ್ಕೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮವೂ ಅಡ್ಡ. ಚಿರೆಕಲ್ಲಿನಲ್ಲಿ ತೂತುಗಳಿವೆ, ಬ್ಯಾಕ್ಟೀರಿಯಾಕ್ಕೆ ಒಳ್ಳೆಯದು ಎಂದು ಹಾಕುವವರಿದ್ದಾರೆ. ಅದು ಕಬ್ಬಿಣದ ಕಲ್ಲು, ಹಾಕಬೇಡಿ. ಅಂಗಡಿಯಲ್ಲಿ ಸಿಗುವ ಸೆರಾಮಿಕ್ ಅಥವಾ ಮನುಷ್ಯರೇ ತಯಾರಿಸಿದ ಒಣ ಕಲ್ಲು ಹತ್ತು ಹದಿನೈದು ಕಿಲೋ ಸಾಕು. ಸಿಮೆಂಟಿನಲ್ಲಿ ಮನೆಯಲ್ಲೇ ಎರಕ ಹೊಯ್ದರೆ ಹಲವು ವಾರ ಸಿಹಿನೀರಿನಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ, ಒಂದು ದಿನ ನಿಂತ ನೀರಿನ ಪಿಎಚ್ 8.5ರ ಕೆಳಗೆ ಉಳಿಯುವವರೆಗೂ ಕಾಯಬೇಕು. ಕಲ್ಲನ್ನು ತಳದ ಗಾಜಿನ ಮೇಲೇ ಕೂರಿಸಿ ಆಮೇಲೆ ಮರಳು ಸುರಿಯಿರಿ. ಮರಳಿನ ಮೇಲೆ ಕಲ್ಲಿಟ್ಟರೆ ಗೋಬಿ ಮೀನು ಅಡಿಯಲ್ಲಿ ಬಿಲ ತೋಡುತ್ತದೆ, ಕಲ್ಲು ಉರುಳಿ ಗಾಜು ಒಡೆಯುತ್ತದೆ. ಹಿಂದಿನ ಗಾಜಿಗೆ ಒತ್ತದೆ, ನಾಲ್ಕೂ ಕಡೆ ಕೈ ಹೋಗುವಷ್ಟು ಜಾಗ ಬಿಡಿ.

ಈಗ ಎಲ್ಲಕ್ಕಿಂತ ಹೆಚ್ಚು ತಿಳಿದಿರಬೇಕಾದ ಸಂಗತಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಒಂದನೇ ಅನುಸೂಚಿಗೆ 2001ರಲ್ಲಿ ರೀಫ್ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆಯಂತೆ ಹರಡುವ ಗೋರ್ಗೋನಿಯನ್‌ಗಳು, ಎಲ್ಲ ಕಡಲಕುದುರೆಗಳು, ಕಡಲಸೌತೆಗಳು ಸೇರಿದವು. ಹುಲಿಗೆ ಎಷ್ಟು ರಕ್ಷಣೆಯೋ ಇವಕ್ಕೂ ಅಷ್ಟೇ. ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಶಿಕ್ಷೆ ಕನಿಷ್ಠ ಮೂರು ವರ್ಷ ಸೆರೆವಾಸ. ಬಲೆಗೆ ಸಿಕ್ಕಿ ಬಂದ ಸತ್ತ ಹವಳದ ತುಂಡೂ ಇದರೊಳಗೇ ಬರುತ್ತದೆ. ಆನ್‌ಲೈನಿನಲ್ಲಿ ಎಸ್‌ಪಿಎಸ್, ಎಲ್‌ಪಿಎಸ್ ಎಂದು ಮಾರುವ ಆಕ್ರೊಪೊರಾ, ಹ್ಯಾಮರ್, ಟಾರ್ಚ್, ಬ್ರೇನ್, ಗೊನಿಯೊಪೊರಾ ಎಲ್ಲವೂ ಗಟ್ಟಿ ಹವಳಗಳೇ. ಇಂಡೋನೇಷ್ಯಾದ್ದು, ಆಸ್ಟ್ರೇಲಿಯಾದ್ದು ಎಂದು ಮಾರಾಟಗಾರ ಹೇಳಿದರೂ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಎಲ್ಲ ಗಟ್ಟಿ ಹವಳಗಳೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ಪರವಾನಗಿ ಕಾಗದವಿಲ್ಲದೆ ದೇಶದೊಳಗೆ ಬರುವಂತಿಲ್ಲ. ಆ ಕಾಗದ ತೋರಿಸಬಲ್ಲ ಅಂಗಡಿ ಸಿಗುವುದು ಅಪರೂಪ. ಗಟ್ಟಿ ಹವಳದ ಆಸೆ ಬಿಟ್ಟೇ ಟ್ಯಾಂಕು ಯೋಜಿಸಿ ಎಂಬುದು ನಮ್ಮ ಸ್ಪಷ್ಟ ಸಲಹೆ.

ಅದರಿಂದ ನಷ್ಟವೇನೂ ಇಲ್ಲ. ಮಶ್ರೂಮ್ ಎಂದು ಕರೆಯುವ ಡಿಸ್ಕೊಸೋಮ, ರೋಡ್ಯಾಕ್ಟಿಸ್, ಗುಂಡಿಯಂತೆ ಸಾಲಾಗಿ ಅರಳುವ ಝೋವಾಂಥಿಡ್, ಲೆದರ್ ಎಂಬ ಸಾರ್ಕೊಫೈಟನ್, ಸಿನುಲೇರಿಯ, ಕೆನ್ಯಾ ಟ್ರೀ, ಮಿಡಿಯುವ ಝೀನಿಯಾ. ಇವು ಮೃದು ದೇಹದವು, ಬಹಳಷ್ಟು ಮನೆಯ ಟ್ಯಾಂಕುಗಳಲ್ಲೇ ತುಂಡಾಗಿ ಬೆಳೆದು ಕೈಯಿಂದ ಕೈಗೆ ದಾಟುತ್ತವೆ. ಬೆಳಕು ಕಡಿಮೆ ಸಾಕು, ಕ್ಯಾಲ್ಸಿಯಂ ಸುರಿಯುವ ಯಂತ್ರ ಬೇಡ, ವಾರದ ನೀರು ಬದಲಾವಣೆಯೇ ಸಾಕಾಗುತ್ತದೆ. ಹೊಸಬರಿಗೆ ಇದಕ್ಕಿಂತ ತಕ್ಕದ್ದು ಇಲ್ಲ.

ಟ್ಯಾಂಕು ತುಂಬಿದ ತಕ್ಷಣ ಮೀನು ಬಿಡುವುದು ಎಲ್ಲ ಸಾವಿನ ಮೂಲ. ಮೀನಿನ ಮಲದ, ಉಳಿದ ಆಹಾರದ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಒಣ ಕಲ್ಲಿನಲ್ಲಿ ಇವೆರಡೂ ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಅಂಗಡಿಯಲ್ಲಿ ಸಿಗುವ ಬಾಟಲಿ ಬ್ಯಾಕ್ಟೀರಿಯಾ ಹಾಕಿ, ಶುದ್ಧ ಅಮೋನಿಯಂ ಕ್ಲೋರೈಡನ್ನು 200 ಲೀಟರಿಗೆ ಒಂದೂಕಾಲು ಗ್ರಾಂನಷ್ಟು ಕರಗಿಸಿದರೆ ಅಮೋನಿಯ 2 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎರಡು ಭಾಗ) ಬರುತ್ತದೆ. ಕಲಾಯಿಯವರು ಬಳಸುವ ನವಸಾಗರವೂ ಅದೇ ರಾಸಾಯನಿಕ, ಆದರೆ ಅದರಲ್ಲಿ ಲೋಹದ ಕಲಬೆರಕೆ ಇರಬಹುದಾದ್ದರಿಂದ ಪ್ರಯೋಗಾಲಯದ ಶುದ್ಧ ದರ್ಜೆಯದ್ದನ್ನೇ ಕೊಳ್ಳಿ. ಎರಡು ದಿನಕ್ಕೊಮ್ಮೆ ಅಳೆದು ಬರೆದಿಡಿ. ಮೊದಲು ಅಮೋನಿಯ ಇಳಿಯುತ್ತದೆ, ನೈಟ್ರೈಟ್ ಏರಿ ಬಹಳ ದಿನ ಸತಾಯಿಸುತ್ತದೆ, ಆಮೇಲೆ ಒಮ್ಮೆಗೇ ಬೀಳುತ್ತದೆ. ಮತ್ತೆ 2 ಪಿಪಿಎಂ ಹಾಕಿದಾಗ ಒಂದೇ ದಿನದಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯಾದರೆ ಟ್ಯಾಂಕು ಸಿದ್ಧ. ಅರ್ಧ ನೀರು ಬದಲಿಸಿ ನೈಟ್ರೇಟ್ ತಗ್ಗಿಸಿ ಮುಂದುವರಿಯಿರಿ. ಈ ಅವಧಿಯಲ್ಲಿ ದೀಪ ಹಚ್ಚಬೇಡಿ, ಪಾಚಿಗೆ ಅವಕಾಶ ಕೊಟ್ಟಂತಾಗುತ್ತದೆ. ಮೀನುಪೇಟೆಯ ಹಸಿ ಸಿಗಡಿ ಹಾಕಿ ಕೊಳೆಸುವ ಹಳೆಯ ಪದ್ಧತಿ ಬೇಡ. ಅಮೋನಿಯ ಎಷ್ಟಾಯಿತೆಂದು ಲೆಕ್ಕ ಸಿಗುವುದಿಲ್ಲ, ಫಾಸ್ಫೇಟ್ ಕಲ್ಲಿನೊಳಗೆ ಇಳಿದು ತಿಂಗಳುಗಟ್ಟಲೆ ಹೊರಬರುತ್ತಿರುತ್ತದೆ.

ದೀಪ ಹಚ್ಚಿದ ಮೇಲೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಕಂದು ಹೊದಿಕೆ ಬರುತ್ತದೆ, ಅದರ ಹಿಂದೆ ಹಸಿರು ಕೂದಲ ಪಾಚಿ. ಇದು ಬಂದೇ ಬರುತ್ತದೆ, ಗಾಬರಿಯಾಗಿ ಔಷಧ ಸುರಿಯಬೇಡಿ. ಕೈಯಿಂದ ಕಿತ್ತು ತೆಗೆಯಿರಿ, ಸೆರಿತ್‌ನಂಥ ಪಾಚಿ ತಿನ್ನುವ ಸಣ್ಣ ಶಂಖಗಳನ್ನು ಹತ್ತು ಹದಿನೈದು ಬಿಡಿ. ಪೋಷಕಾಂಶಗಳನ್ನು ಪೂರ್ತಿ ಸೊನ್ನೆ ಮಾಡುವ ಹಠ ಇನ್ನೊಂದು ತಪ್ಪು. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದ ಹೊಸ ಟ್ಯಾಂಕಿನಲ್ಲಿ ಡೈನೋಫ್ಲಾಜೆಲೇಟ್ ಎಂಬ ಕಂದು ಲೋಳೆ, ಎಳೆಯ ತುದಿಯಲ್ಲಿ ಗುಳ್ಳೆ ಕಟ್ಟಿಕೊಂಡು, ಎಲ್ಲವನ್ನೂ ಮುಚ್ಚುತ್ತದೆ. ಅದನ್ನು ತಿಂದ ಶಂಖಗಳೂ ಸಾಯಬಹುದು. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಆಲ್ಕಲಿನಿಟಿ (ಕ್ಷಾರತೆ) ಅದರ ಅಳತೆಮಾನವಾದ ಡಿಕೆಎಚ್‌ನಲ್ಲಿ 8ರಿಂದ 9, ಕ್ಯಾಲ್ಸಿಯಂ 400ರಿಂದ 440, ಮೆಗ್ನೀಸಿಯಂ 1300 ಪಿಪಿಎಂ ಸುತ್ತ. ಸಂಖ್ಯೆಗಿಂತ ಅದು ಅಲುಗಾಡದಿರುವುದು ಮುಖ್ಯ. ಆಲ್ಕಲಿನಿಟಿ ಒಂದು ದಿನದಲ್ಲಿ ಒಂದು ಡಿಕೆಎಚ್‌ಗಿಂತ ಹೆಚ್ಚು ಬದಲಾಗಬಾರದು.

ಮೀನಿನ ಆಯ್ಕೆ. ಹ್ಯಾಚರಿಯಲ್ಲಿ ಹುಟ್ಟಿದ ಓಸೆಲ್ಲಾರಿಸ್ ಕ್ಲೌನ್ ಮೀನಿನ ಜೋಡಿಯಿಂದ ಶುರುಮಾಡಿ. ನಮ್ಮ ದೇಶದಲ್ಲೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಳಿಂಜಂ, ಮಂಡಪಂ ಕೇಂದ್ರಗಳು ಕ್ಲೌನ್, ಡ್ಯಾಮ್ಸೆಲ್ ಮೀನುಗಳ ಮರಿ ಮಾಡುವ ವಿಧಾನವನ್ನು ಸಿದ್ಧಪಡಿಸಿವೆ. ಹ್ಯಾಚರಿ ಮೀನು ಹರಳಿನಂಥ ಒಣ ಆಹಾರ ತಿನ್ನಲು ಕಲಿತಿರುತ್ತದೆ, ರೋಗ ಕಡಿಮೆ. ಕಡಲಿನಿಂದ ಹಿಡಿದದ್ದರಲ್ಲಿ, ಆಗ್ನೇಯ ಏಷ್ಯಾದ ಕೆಲವೆಡೆ ಸಯನೈಡ್ ಚಿಮ್ಮಿಸಿ ಹಿಡಿದವೂ ಇರುತ್ತವೆ. ಅಂಥವು ಚೆನ್ನಾಗಿ ತಿನ್ನುತ್ತಲೇ ವಾರಗಳ ನಂತರ ಸಾಯುತ್ತವೆ. ಕ್ಲೌನ್ ಜೊತೆಗೆ ಒಂದು ಫೈರ್‌ಫಿಶ್, ಒಂದು ಗೋಬಿ, ಒಂದು ಟೇಲ್‌ಸ್ಪಾಟ್ ಬ್ಲೆನಿ, ಕೊನೆಯಲ್ಲಿ ಒಂದು ಸಿಕ್ಸ್‌ಲೈನ್ ರ‍್ಯಾಸ್. ಐದಾರು ಸಣ್ಣ ಮೀನು, ಅಷ್ಟೇ. ಸಿಕ್ಸ್‌ಲೈನ್ ಜಗಳಗಂಟಿ, ಅದಕ್ಕೇ ಕೊನೆಗೆ. ಫೈರ್‌ಫಿಶ್ ಹಾರಿ ನೆಲಕ್ಕೆ ಬೀಳುವುದರಿಂದ ಟ್ಯಾಂಕಿನ ಮೇಲೆ ಬಲೆಯ ಮುಚ್ಚಳ ಬೇಕು. ನೀಲಿ ಟ್ಯಾಂಗ್‌ಗೆ ಆರು ಅಡಿಯ ಟ್ಯಾಂಕು ಬೇಕು. ಮ್ಯಾಂಡರಿನ್ ಮೀನಿಗೆ ಹಗಲಿಡೀ ಕೊಪೆಪಾಡ್ ಎಂಬ ಸಣ್ಣ ಜೀವಿಗಳು ತಿನ್ನಲು ಬೇಕು, ಹೊಸ ಟ್ಯಾಂಕಿನಲ್ಲಿ ಸೊರಗಿ ಸಾಯುತ್ತದೆ. ಕ್ಲೀನರ್ ರ‍್ಯಾಸ್ ಕೂಡ ಹಾಗೆಯೇ. ಚಿಟ್ಟೆ ಮೀನು ಹವಳವನ್ನೇ ತಿನ್ನುತ್ತದೆ. ಕಡಲಿನಲ್ಲಿ ಕ್ಲೌನ್ ಆಶ್ರಯಿಸುವ, ಹೂವಿನಂಥ ಜೀವಿಯಾದ ಅನಿಮೋನ್ ಇಲ್ಲದಿದ್ದರೂ ಅದು ಸುಖವಾಗಿರುತ್ತದೆ. ಅಲೆದಾಡುವ ಅನಿಮೋನ್ ವೇವ್‌ಮೇಕರ್‌ಗೆ ಸಿಕ್ಕರೆ ಟ್ಯಾಂಕೇ ಹಾಳು.

ಯಾವ ಮೀನೂ ನೇರ ಮುಖ್ಯ ಟ್ಯಾಂಕಿಗೆ ಹೋಗಬಾರದು. ನಲವತ್ತು ಐವತ್ತು ಲೀಟರಿನ ಬೇರೊಂದು ಟ್ಯಾಂಕಿನಲ್ಲಿ ಮರಳು, ಕಲ್ಲು ಯಾವುದೂ ಇಲ್ಲದೆ, ಪಿವಿಸಿ ಕೊಳವೆಯ ತುಂಡುಗಳನ್ನು ಅಡಗುತಾಣವಾಗಿಟ್ಟು, ಮುಖ್ಯ ಸಂಪಿನಲ್ಲಿ ಮೊದಲೇ ಹದಗೊಳಿಸಿದ ಸ್ಪಂಜ್ ಫಿಲ್ಟರ್ ಹಾಕಿ, ಒಂದು ತಿಂಗಳು ನೋಡಿ. ಕ್ರಿಪ್ಟೊಕ್ಯಾರಿಯಾನ್ ಎಂಬ ಪರೋಪಜೀವಿ ಬಂದರೆ ಮೈಮೇಲೆ ಉಪ್ಪಿನ ಕಾಳಿನಂಥ ಚುಕ್ಕೆ ಕಾಣುತ್ತದೆ. ಅಮೈಲೊಡಿನಿಯಂ, ಅಂದರೆ ವೆಲ್ವೆಟ್, ಇನ್ನೂ ಸಣ್ಣ ಹುಡಿಯಂತಿದ್ದು ಕೆಲವೇ ದಿನಗಳಲ್ಲಿ ಎಲ್ಲವನ್ನೂ ಕೊಲ್ಲುತ್ತದೆ. ಎರಡಕ್ಕೂ ತಾಮ್ರವೇ ಮದ್ದು. ಕೀಲೇಟೆಡ್ ತಾಮ್ರವಾದರೆ 2.0ರಿಂದ 2.5 ಪಿಪಿಎಂ, ತಾಮ್ರದ ಕಿಟ್‌ನಲ್ಲಿ ಅಳೆಯುತ್ತಾ 30 ದಿನ. ಆ ಟ್ಯಾಂಕಿನ ಬಲೆ, ಬಕೆಟ್ಟು, ಕೊಳವೆ ಯಾವುದೂ ಮುಖ್ಯ ಟ್ಯಾಂಕಿನ ಹತ್ತಿರ ಬರಬಾರದು, ಏಕೆಂದರೆ ಹವಳ, ಸಿಗಡಿ, ಶಂಖಗಳಿಗೆ ತಾಮ್ರ ವಿಷ. ರೋಗ ಮುಖ್ಯ ಟ್ಯಾಂಕಿಗೇ ಹೊಕ್ಕರೆ ಎಲ್ಲ ಮೀನನ್ನೂ ಹೊರತೆಗೆದು 76 ದಿನ ಮೀನಿಲ್ಲದೆ ನಡೆಸಬೇಕಾಗುತ್ತದೆ. ಹವಳಕ್ಕೆ ಅದರಿಂದ ತೊಂದರೆಯಿಲ್ಲ.

ಮುಂಬೈ, ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲೋ ಕೊಂಕಣ ರೈಲಿನಲ್ಲೋ ಬರುವ ಮೀನು ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ಪ್ಲಾಸ್ಟಿಕ್ ಚೀಲದಲ್ಲಿರುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಚೀಲದ ನೀರಿನ ಪಿಎಚ್ ಇಳಿದಿರುತ್ತದೆ. ಹಾಗಾಗಿ ಕೂಡಿಕೊಂಡ ಅಮೋನಿಯ ಅಪಾಯವಿಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹೊರಗೆ ಹೋಗಿ ಪಿಎಚ್ ಏರುತ್ತದೆ, ಅಮೋನಿಯ ವಿಷವಾಗುತ್ತದೆ. ಇಂಥ ಮೀನಿಗೆ ಗಂಟೆಗಟ್ಟಲೆ ಹನಿಹನಿ ನೀರು ಬಿಡುವ ಪದ್ಧತಿ ಕೇಡು ಮಾಡುತ್ತದೆ. ಕಳಿಸುವವರ ನೀರಿನ ಉಪ್ಪಿನಂಶ ಎಷ್ಟೆಂದು ಫೋನಿನಲ್ಲಿ ಕೇಳಿ ನಿಮ್ಮ ಪ್ರತ್ಯೇಕ ಟ್ಯಾಂಕನ್ನು ಅದಕ್ಕೇ ಹೊಂದಿಸಿಡಿ. ಮುಚ್ಚಿದ ಚೀಲವನ್ನು ಇಪ್ಪತ್ತು ನಿಮಿಷ ತೇಲಿಸಿ, ಬಿಚ್ಚಿ, ಮೀನನ್ನು ಮಾತ್ರ ಕೂಡಲೇ ದಾಟಿಸಿ, ಚೀಲದ ನೀರು ಚೆಲ್ಲಿಬಿಡಿ. ಪೆಟ್ಟಿಗೆ ಥರ್ಮಕೋಲಿನದಿರಲಿ, ಏಪ್ರಿಲ್, ಮೇ ತಿಂಗಳಲ್ಲಿ ಬಸ್ಸಿನ ಡಿಕ್ಕಿಯ ಸೆಕೆಯಲ್ಲಿ ಮೀನು ತರಿಸದಿರುವುದೇ ಮೇಲು.

ಮೃದು ಹವಳ ಮುಟ್ಟುವಾಗ ಜೀವದ ಪ್ರಶ್ನೆಯೊಂದಿದೆ. ಝೋವಾಂಥಿಡ್‌ಗಳಲ್ಲಿ, ಅದರಲ್ಲೂ ಪಾಲಿಥೋವಾದಲ್ಲಿ, ಪಾಲಿಟಾಕ್ಸಿನ್ ಎಂಬ ಬಹು ಉಗ್ರ ವಿಷ ಇರಬಹುದು. ಕೈಗವಸು, ಕನ್ನಡಕವಿಲ್ಲದೆ ಕತ್ತರಿಸಬೇಡಿ. ಅವು ಹಿಡಿದಿರುವ ಕಲ್ಲನ್ನು ಕುದಿಸುವುದಾಗಲಿ, ಬಿಸಿನೀರು ಸುರಿದು ಉಜ್ಜುವುದಾಗಲಿ ಎಂದಿಗೂ ಕೂಡದು. ಹಬೆಯಲ್ಲಿ ಏಳುವ ವಿಷ ಉಸಿರಾಟದಿಂದ ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಸೇರಿಸಬಲ್ಲದು. ತಂದ ತುಂಡನ್ನು ಹವಳದ ಡಿಪ್ ಎಂಬ ದ್ರಾವಣದಲ್ಲಿ ಬಾಟಲಿಯ ಮೇಲೆ ಹೇಳಿದಷ್ಟು ನಿಮಿಷ ಅದ್ದಿ, ಹುಳ ಉದುರಿಸಿ, ಟ್ಯಾಂಕಿನ ತಳದಲ್ಲೇ ಮೊದಲು ಇಡಿ. ದೀಪ ನೀಲಿ ಹೆಚ್ಚಿರುವ ಎಲ್‌ಇಡಿ, ದಿನಕ್ಕೆ ಎಂಟು ಗಂಟೆ. ಮೊದಲ ವಾರ ಕಾಲುಭಾಗದ ಬೆಳಕು, ಆಮೇಲೆ ವಾರ ವಾರ ಸ್ವಲ್ಪ ಏರಿಕೆ. ಝೀನಿಯಾವನ್ನು ಮುಖ್ಯ ಕಲ್ಲಿಗೆ ಅಂಟಿಸಬೇಡಿ, ಬೇರೆ ದ್ವೀಪದಂತೆ ಒಂದು ಕಲ್ಲಿಡಿ, ಇಲ್ಲವಾದರೆ ಎಲ್ಲ ಜಾಗವನ್ನೂ ಅದೇ ನುಂಗುತ್ತದೆ. ಲೆದರ್ ಹವಳ ನೀರಿಗೆ ರಾಸಾಯನಿಕ ಬಿಟ್ಟು ಪಕ್ಕದವನ್ನು ಕುಗ್ಗಿಸುವುದರಿಂದ ಕಾರ್ಬನ್ ಚೀಲವನ್ನು ತಿಂಗಳಿಗೊಮ್ಮೆ ಬದಲಿಸಿ.

ಸೆಕೆ ನಮ್ಮ ಕರಾವಳಿಯ ದೊಡ್ಡ ತೊಡಕು. ನೀರು 26, 27 ಡಿಗ್ರಿಯಲ್ಲಿರಬೇಕು. 30 ದಾಟಿ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ನೀರಿನಲ್ಲಿ ಆಮ್ಲಜನಕವೂ ಕಡಿಮೆಯಾಗುತ್ತದೆ. ಮೇಲ್ಮೈಗೆ ಫ್ಯಾನ್ ಬಿಟ್ಟರೆ ನೀರು ಆವಿಯಾಗಿ ತಂಪಾಗುತ್ತದೆ, ಆದರೆ ಕಾರವಾರದ ತೇವದ ಗಾಳಿಯಲ್ಲಿ ಆವಿಯೇ ಸರಿಯಾಗಿ ಏಳುವುದಿಲ್ಲ. ಹೀಗಾಗಿ ಇಲ್ಲಿ ನೀರು ತಂಪುಮಾಡುವ ಚಿಲ್ಲರ್ ಯಂತ್ರ ಇಲ್ಲದೆ ಬೇಸಿಗೆ ಕಳೆಯದು. ಈ ಅಳತೆಗೆ ಹತ್ತನೇ ಒಂದು ಎಚ್‌ಪಿ ಸಾಕೆನ್ನುತ್ತಾರೆ, ಆರನೇ ಒಂದು ಎಚ್‌ಪಿ ಹಾಕಿದರೆ ಯಂತ್ರ ಏದುಸಿರು ಬಿಡುವುದಿಲ್ಲ. ಅದನ್ನು ಮುಚ್ಚಿದ ಸ್ಟ್ಯಾಂಡಿನೊಳಗೆ ಇಟ್ಟರೆ ತನ್ನ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಶಿರಸಿಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಫ್ಯಾನ್ ಬಹುಪಾಲು ಕೆಲಸ ಮಾಡುತ್ತದೆ, ಡಿಸೆಂಬರ್, ಜನವರಿಯ ರಾತ್ರಿಗೆ 150ರಿಂದ 200 ವ್ಯಾಟ್ ಹೀಟರ್ ಬೇಕು. ಪಂಪು, ದೀಪ, ಚಿಲ್ಲರ್ ಸೇರಿ ಬೇಸಿಗೆಯಲ್ಲಿ ದಿನಕ್ಕೆ ಮೂರೂವರೆ ನಾಲ್ಕು ಯೂನಿಟ್ ವಿದ್ಯುತ್ ಆಗುತ್ತದೆ, ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ದಿನವೂ ಇಳಿದ ಮಟ್ಟಕ್ಕೆ ಡಿಐ ಸಿಹಿನೀರು ಸೇರಿಸಬೇಕು. ಸ್ವಯಂಚಾಲಿತ ಟಾಪ್-ಅಪ್ ಹಾಕಿದರೆ ಅದರ ಬಕೆಟ್ಟು ಹತ್ತು ಲೀಟರ್ ಮೀರದಿರಲಿ. ಫ್ಲೋಟ್ ಸಿಕ್ಕಿಹಾಕಿಕೊಂಡು ಹತ್ತೂ ಲೀಟರ್ ಒಮ್ಮೆಗೆ ಸುರಿದರೆ 35 ಇದ್ದದ್ದು 33ಕ್ಕೆ ಇಳಿಯುತ್ತದೆ, ಜೀವಿಗಳು ಉಳಿಯುತ್ತವೆ. ಬಕೆಟ್ಟಿನ ಬದಲು ನೇರ ನಲ್ಲಿಗೇ ಜೋಡಿಸಿದ್ದರೆ ಬೆಳಗಾಗುವಷ್ಟರಲ್ಲಿ ಟ್ಯಾಂಕು ಸಿಹಿನೀರಾಗಿರುತ್ತದೆ.

ನಮ್ಮ ಮನೆಗಳಲ್ಲೇ ಇರುವ ವಿಷಗಳ ಬಗ್ಗೆ ಯಾರೂ ಹೇಳುವುದಿಲ್ಲ. ಸೊಳ್ಳೆಬತ್ತಿ, ಗೋಡೆಗೆ ಚುಚ್ಚುವ ಸೊಳ್ಳೆ ಯಂತ್ರ, ಜಿರಲೆ ಸ್ಪ್ರೇ ಇವುಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೂ ಸಿಗಡಿಗೂ ಬಹಳ ಮಾರಕ. ಸ್ಕಿಮ್ಮರ್ ಮತ್ತು ಏರ್ ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ಊದುತ್ತವೆ. ಟ್ಯಾಂಕಿರುವ ಕೋಣೆಯಲ್ಲಿ ಇವು ಬೇಡ, ಕಿಟಕಿಗೆ ಜಾಲರಿ ಹಾಕಿಸಿ. ಊರಿನಲ್ಲಿ ಡೆಂಗಿ ಫಾಗಿಂಗ್ ಬಂದಾಗ ಕಿಟಕಿ ಮುಚ್ಚಿ, ಸ್ಕಿಮ್ಮರ್ ಒಂದೆರಡು ಗಂಟೆ ನಿಲ್ಲಿಸಿ. ತಾಮ್ರದ ಬಿಂದಿಗೆ, ಹಿತ್ತಾಳೆ ಕೊಡದಲ್ಲಿ ಟ್ಯಾಂಕಿನ ನೀರು ಹೊರಬೇಡಿ, ಹಿತ್ತಾಳೆ ನಲ್ಲಿ ಇರುವ ಡ್ರಮ್ಮೂ ಬೇಡ. ಪಾತ್ರೆ ಸೋಪು ತಗಲದ ಪ್ಲಾಸ್ಟಿಕ್ ಬಕೆಟ್ಟನ್ನು ಇದಕ್ಕೆಂದೇ ಎತ್ತಿಡಿ.

ವಿದ್ಯುತ್ತಿನ ಮಾತು. ಉಪ್ಪುನೀರು ಮತ್ತು 230 ವೋಲ್ಟ್ ಒಂದೇ ಕಡೆ ಇರುವಾಗ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಕರೆಂಟ್ ಕಡಿಯುವ ಸ್ವಿಚ್) ಹಾಗೂ ಸರಿಯಾದ ಅರ್ಥಿಂಗ್ ಇಲ್ಲದೆ ಟ್ಯಾಂಕಿಗೆ ಕೈ ಹಾಕಬಾರದು. ಪ್ರತಿ ವಯರೂ ಬೋರ್ಡಿಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೇರುವಂತಿರಲಿ, ಹನಿ ಪ್ಲಗ್ಗಿಗೆ ಹೋಗದು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಿರುವುದು ಇಲ್ಲಿ ಹೊಸದಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ಕರಾವಳಿ ಮರೆತಿಲ್ಲ. ನೀರು ಅಲುಗದಿದ್ದರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿಯುತ್ತದೆ. ಮನೆಯ ಇನ್ವರ್ಟರಿಗೆ ಒಂದು ವೇವ್‌ಮೇಕರ್ ಮಾತ್ರ ಜೋಡಿಸಿ, ಅದನ್ನು ಮೇಲ್ಮೈ ಕಡೆ ತಿರುಗಿಸಿಡಿ. 20 ವ್ಯಾಟಿನ ಪಂಪನ್ನು 150 ಎಎಚ್ ಬ್ಯಾಟರಿ ಒಂದು ದಿನ ನಿರಾತಂಕವಾಗಿ ನಡೆಸುತ್ತದೆ. ಇನ್ವರ್ಟರ್ ಸೈನ್ ವೇವ್ ಆಗಿರಬೇಕು, ಚೌಕ ಅಲೆಯದ್ದರಲ್ಲಿ ಎಸಿ ಪಂಪು ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. ಸೆಲ್ ಹಾಕುವ ಏರ್ ಪಂಪು ಎರಡು ಮನೆಯಲ್ಲಿರಲಿ. ಕರೆಂಟ್ ಇಲ್ಲದಾಗ ಆಹಾರ ಹಾಕಬೇಡಿ.

ಆಮೇಲಿನ ಕೆಲಸ ವಾರಕ್ಕೆ ಎರಡು ಗಂಟೆಯದು: ಇಪ್ಪತ್ತು ಲೀಟರ್ ನೀರು ಬದಲಾವಣೆ, ಸ್ಕಿಮ್ಮರ್ ಬಟ್ಟಲು, ಗಾಜು, ಫಿಲ್ಟರ್ ಚೀಲ, ಮೂರ್ನಾಲ್ಕು ಪರೀಕ್ಷೆ, ಉಪ್ಪು ಕಟ್ಟಿದ ಕಡೆ ಒದ್ದೆ ಬಟ್ಟೆ. ಪೇಟೆಯ ಹಸಿ ಸಿಗಡಿಯನ್ನು ಆಹಾರವಾಗಿ ಹಾಕುವವರು ಒಂದು ವಿಷಯ ನೆನಪಿಡಬೇಕು. ಅದರಲ್ಲಿ ಬಿಳಿ ಚುಕ್ಕೆ ರೋಗದ ವೈರಸ್ ಇರಬಹುದು, ಫ್ರೀಜರಿನಲ್ಲಿಟ್ಟರೂ ಸಾಯುವುದಿಲ್ಲ. ಟ್ಯಾಂಕಿನಲ್ಲಿ ಕ್ಲೀನರ್ ಸಿಗಡಿ ಇದ್ದರೆ ಹಾಕಬೇಡಿ.

ಟ್ಯಾಂಕು ಬೇಡವಾದಾಗ ಕೆಲವರು ಪುಣ್ಯದ ಕೆಲಸವೆಂದುಕೊಂಡು ಮೀನು, ಹವಳ, ಪಾಚಿಯನ್ನು ಕಡಲಿಗೋ ಕಾಳಿಯ ಅಳಿವೆಗೋ ಬಿಡುತ್ತಾರೆ. ಮೆಡಿಟರೇನಿಯನ್ ಕಡಲಿನಲ್ಲಿ 1984ರಲ್ಲಿ ಮೊನಾಕೊದ ಅಕ್ವೇರಿಯಂ ಎದುರು ಮೊದಲು ಕಂಡ ಕೌಲರ್ಪಾ ಟ್ಯಾಕ್ಸಿಫೋಲಿಯ ಪಾಚಿ ಸಾವಿರಾರು ಹೆಕ್ಟೇರ್ ತಳವನ್ನು ಮುಚ್ಚಿತು. ಅಮೆರಿಕದ ಪೂರ್ವ ತೀರದಲ್ಲಿ ಅಕ್ವೇರಿಯಂನಿಂದ ಹೋದ ಲಯನ್‌ಫಿಶ್ ಇಂದು ಕೆರಿಬಿಯನ್ ತುಂಬ ಸ್ಥಳೀಯ ಮೀನುಗಳನ್ನು ತಿನ್ನುತ್ತಿದೆ. ಬೇಡವಾದ ಜೀವಿಯನ್ನು ಬೇರೊಬ್ಬ ಹವ್ಯಾಸಿಗೆ ಕೊಡಿ. ಬದಲಿಸಿದ ನೀರನ್ನು ಚರಂಡಿಗೆ, ಹಳ್ಳಕ್ಕೆ ಬಿಡುವ ಬದಲು ಬ್ಲೀಚಿಂಗ್ ಪುಡಿ ಹಾಕಿ ಒಂದು ದಿನ ಇಟ್ಟು, ಶೌಚಾಲಯಕ್ಕೆ ಸುರಿಯುವುದು ಸುರಕ್ಷಿತ. ತೆಂಗಿನ ಬುಡಕ್ಕೆ ಬೇಡ.

ಜಿಲ್ಲೆಯ ಅಕ್ವೇರಿಯಂ ಅಂಗಡಿಯವರಲ್ಲಿ, ಮೀನುಗಾರಿಕೆ ಮತ್ತು ಅರಣ್ಯ ಇಲಾಖೆಗಳಲ್ಲಿ ಒಂದು ವಿನಂತಿ. ಉಪ್ಪುನೀರಿನ ಪ್ರತಿಯೊಂದು ಜೀವಿಯ ಬಿಲ್ಲಿನಲ್ಲಿ ಅದರ ವೈಜ್ಞಾನಿಕ ಹೆಸರು, ಹ್ಯಾಚರಿಯದೋ ಕಡಲಿನಿಂದ ಹಿಡಿದದ್ದೋ, ಯಾರಿಂದ ಬಂತು ಎಂಬ ಮೂರು ವಿವರ ಬರೆಯುವುದನ್ನು ರೂಢಿಗೆ ತರಲಿ. ಕಾನೂನಿನ ಪಟ್ಟಿಯಲ್ಲಿರುವ ಹವಳ, ಕಡಲಕುದುರೆಗಳ ಚಿತ್ರವಿರುವ ಕನ್ನಡದ ಫಲಕವೊಂದು ಪ್ರತಿ ಅಂಗಡಿಯಲ್ಲೂ, ಮುರ್ಡೇಶ್ವರದ ಡೈವಿಂಗ್ ದೋಣಿ ಹೊರಡುವ ಜಾಗದಲ್ಲೂ ಇರಲಿ. ಬಿಲ್ಲಿನಲ್ಲಿ ಈ ಮೂರು ವಿವರ ಬರೆದುಕೊಡಲು ಒಪ್ಪದ ಅಂಗಡಿಯಿಂದ ಕೊಳ್ಳುವವರು ಏನನ್ನೂ ಕೊಳ್ಳದಿರಲಿ.

ಇಂತಿ,
ಉಪ್ಪುನೀರಿನ ಅಕ್ವೇರಿಯಂ ಹವ್ಯಾಸಿಗಳು
ಕೋಡಿಬಾಗ, ಕಾರವಾರ